ಕೋವಿ, ಲೈಸೆನ್ಸು, ಕಾನೂನು: ಓದುಗರ ಪ್ರಶ್ನೆಗಳಿಗೆ ಉತ್ತರ

ಬಂದೂಕು ಕಾಯ್ದೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಮಲೆನಾಡು ಮತ್ತು ಕೊಡಗಿನಿಂದ ಬಂದ ಪತ್ರಗಳೇ ಹೆಚ್ಚು. ಅಮೆರಿಕದ ಗುಂಡಿನ ದಾಳಿಗಳ ಸುದ್ದಿ ಓದಿ ಬರೆದವರೂ ಇದ್ದಾರೆ, ಅಲ್ಲಿಯೇ ಇದ್ದುಕೊಂಡು ಬರೆದವರೂ ಇದ್ದಾರೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಮೂರೂವರೆ ಎಕರೆ ಅಡಿಕೆ ತೋಟ, ಒಂದೆಕರೆ ಗದ್ದೆ. ಹಂದಿ ಕಾಟಕ್ಕೆ ಸಾಕಾಗಿ ಹೋಗಿದೆ. ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಮಾಡಿಸೋಣ ಎಂದರೆ, ‘ಈಗ ಯಾರಿಗೂ ಕೊಡೋದಿಲ್ಲ ಮಾರಾಯ್ರೆ’ ಅನ್ನುತ್ತಾರೆ. ಹೌದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಕೊಡುವುದೇ ಇಲ್ಲ ಎನ್ನುವುದು ಸುಳ್ಳು. ಸಲೀಸಾಗಿ ಸಿಗುತ್ತದೆ ಎಂದೂ ನಾವು ಹೇಳುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ನಿಮ್ಮಂಥವರ ಪರವಾಗಿಯೇ ಇದೆ. ಪ್ರಾಮಾಣಿಕ ಬೆಳೆ ರಕ್ಷಣೆಗೆ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು) ಕೇಳಿದರೆ, ನಿರಾಕರಿಸಲು ಬೇರೆ ಕಾರಣವಿಲ್ಲದಿದ್ದಾಗ ಲೈಸೆನ್ಸ್ ಕೊಡಬೇಕು ಎನ್ನುತ್ತದೆ. ಕೇಪಿನ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ (ಕಾಡತೂಸು) ಹಾಕುವ ಕೋವಿಗೂ ಕೊಡಬಹುದು. ಪಿಸ್ತೂಲು, ರಿವಾಲ್ವರ್ ಕೇಳುವವರ ದಾರಿ ಬೇರೆ. ಅವರು ‘ಸಕಾರಣ’ವನ್ನು ರುಜುವಾತು ಮಾಡಬೇಕು. ಹಾಗಾಗಿ ಅರ್ಜಿಯಲ್ಲಿ ‘ಆತ್ಮರಕ್ಷಣೆ ಮತ್ತು ಬೆಳೆ ರಕ್ಷಣೆ’ ಎಂದು ಎರಡನ್ನೂ ಸೇರಿಸಿ ಬರೆಯಬೇಡಿ. ಆತ್ಮರಕ್ಷಣೆ ಎಂದ ಕೂಡಲೇ ‘ಯಾರಿಂದ ಬೆದರಿಕೆ, ದೂರು ಎಲ್ಲಿದೆ’ ಎಂಬ ಪ್ರಶ್ನೆ ಏಳುತ್ತದೆ, ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಅರ್ಜಿ ನಮೂನೆ ಎ-1. ಜಿಲ್ಲೆಗಳಲ್ಲಿ ಲೈಸೆನ್ಸ್ ಪ್ರಾಧಿಕಾರ ಜಿಲ್ಲಾಧಿಕಾರಿ, ಬೆಂಗಳೂರಿನಂಥ ನಗರದಲ್ಲಿ ಪೊಲೀಸ್ ಕಮಿಷನರ್. ಗುರುತಿನ ಚೀಟಿ, ವಿಳಾಸದ ದಾಖಲೆ, ಭಾವಚಿತ್ರ, ಪಹಣಿ, ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಕೋವಿಯನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ಹಂದಿ ಹಾಳು ಮಾಡಿದ ಬೆಳೆಗೆ ಅರಣ್ಯ ಇಲಾಖೆಗೆ ಹಿಂದೆ ಪರಿಹಾರದ ಅರ್ಜಿ ಕೊಟ್ಟಿದ್ದರೆ ಅದರ ಪ್ರತಿಯನ್ನೂ ಲಗತ್ತಿಸಿ. ನಿಮ್ಮ ತೊಂದರೆಗೆ ಸರ್ಕಾರದ್ದೇ ಕಡತದಲ್ಲಿರುವ ಸಾಕ್ಷಿ ಅದು. ಆಮೇಲೆ ಠಾಣೆಯ ವರದಿ. ಅದಕ್ಕೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 30 ದಿನದ ಗಡುವಿದೆ. ಹೆಚ್ಚಿನ ಕಡತಗಳು ಕೂರುವುದು ಇಲ್ಲಿಯೇ. ಗಡುವು ಮೀರಿದರೆ ಜಿಲ್ಲಾಧಿಕಾರಿ ಕಚೇರಿಗೆ ಬರಹದಲ್ಲಿ ನೆನಪೋಲೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಲ್ಲಿ ಕೇಳಿ ಬಂದರೆ ಕೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ.

ಅರ್ಜಿ ಬೀಳುವುದು ಎಲ್ಲಿ? ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು. ಜಂಟಿ ಖಾತೆಯಿದ್ದು ಉಳಿದ ಪಾಲುದಾರರ ಒಪ್ಪಿಗೆ ಇಲ್ಲದಿರುವುದು. ಬೇಲಿ ಜಗಳದಲ್ಲಿ ಶಾಂತಿಪಾಲನೆಗೆಂದು ತಹಶೀಲ್ದಾರರ ಮುಂದೆ ಮುಚ್ಚಳಿಕೆ ಬರೆದುಕೊಟ್ಟಿರುವುದು. ಈ ಕೊನೆಯದನ್ನು ಹಲವರು ಲೆಕ್ಕಕ್ಕೇ ಇಡುವುದಿಲ್ಲ, ಆದರೆ ಮುಚ್ಚಳಿಕೆಯ ಅವಧಿ ಮುಗಿಯುವ ತನಕ ಕೋವಿ ಇಟ್ಟುಕೊಳ್ಳುವುದಕ್ಕೇ 9ನೇ ಕಲಮಿನ ತಡೆಯಿದೆ. 21 ವರ್ಷ ತುಂಬದವರಿಗೂ ಅದೇ ಕಲಮಿನ ತಡೆ. ಇನ್ನೊಂದು ಅಡ್ಡಿ ನಿಮ್ಮ ಕಡೆಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಜಮೀನು ಯಾವುದಾದರೂ ಅಭಯಾರಣ್ಯದ 10 ಕಿಲೋಮೀಟರ್ ಒಳಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಹೊಸ ಲೈಸೆನ್ಸ್ ಕೊಡುವಂತಿಲ್ಲ (ವನ್ಯಜೀವಿ ಸಂರಕ್ಷಣಾ ಕಾಯ್ದೆ, 34ನೇ ಕಲಮು). ಆಗುಂಬೆ ಸುತ್ತಿನವರು ಸೋಮೇಶ್ವರ ಅಭಯಾರಣ್ಯದ ಗಡಿಯಿಂದ ದೂರ ಎಷ್ಟೆಂದು ಮೊದಲು ನೋಡಿಕೊಳ್ಳಲಿ.

ಆಸ್ತಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಸಿಕ್ಕಿದ ಲೈಸೆನ್ಸ್ 5 ವರ್ಷಕ್ಕೆ. 2019ರ ತಿದ್ದುಪಡಿಗೆ ಮುಂಚೆ ಅದು 3 ವರ್ಷವಿತ್ತು.

ಪ್ರಶ್ನೆ: ಬೆಳೆ ರಕ್ಷಣೆ ಲೈಸೆನ್ಸ್ ಇದ್ದಮೇಲೆ ತೋಟಕ್ಕೆ ಬಂದ ಹಂದಿಗೆ ಗುಂಡು ಹೊಡೆಯಬಹುದಲ್ಲ? ಇಲ್ಲದಿದ್ದರೆ ಲೈಸೆನ್ಸ್ ಯಾಕೆ ಕೊಡುತ್ತಾರೆ?
– ಓದುಗರು, ಸಿದ್ದಾಪುರ

ಉತ್ತರ: ನ್ಯಾಯವಾದ ಸಿಟ್ಟು, ಆದರೆ ಕಾನೂನು ನಿಮ್ಮ ಜತೆಗಿಲ್ಲ. ಕೋವಿ ಲೈಸೆನ್ಸ್ ಎನ್ನುವುದು ಕೋವಿ ಇಟ್ಟುಕೊಳ್ಳಲು ಅನುಮತಿ. ಪ್ರಾಣಿಯನ್ನು ಕೊಲ್ಲಲು ಅನುಮತಿ ಬೇಕಾದರೆ ವನ್ಯಜೀವಿ ಕಾಯ್ದೆಯ ಅಡಿ ಬೇರೆಯದೇ ಪಡೆಯಬೇಕು. ಕಾಡುಹಂದಿ ಈಗ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ (ಅನುಸೂಚಿ ಎಂದರೆ ರಕ್ಷಿತ ಪ್ರಾಣಿಗಳ ಪಟ್ಟಿ). ನಿಂತ ಬೆಳೆಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ 11ನೇ ಕಲಮಿನಡಿ ಲಿಖಿತ ಆದೇಶ ಕೊಡಬಹುದು. ಆ ಕಾಗದ ಕೈಯಲ್ಲಿಲ್ಲದೆ ಹೊಡೆದರೆ ಅದು ಬೇಟೆ. ಆನೆ ಮೊದಲನೇ ಅನುಸೂಚಿಯದು. ಬೆಳೆ ಹಾಳು ಮಾಡಿತೆಂಬ ಕಾರಣ ಅಲ್ಲಿ ನಡೆಯುವುದೇ ಇಲ್ಲ, ಮನುಷ್ಯರ ಜೀವಕ್ಕೆ ಅಪಾಯವಿರಬೇಕು. ಮೈಮೇಲೆ ಎರಗಿದ ಪ್ರಾಣಿಯನ್ನು ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ. ಆದರೆ ಹಾಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಪಾಲಾಯಿತೆಂದರೆ ಆತ್ಮರಕ್ಷಣೆಯ ವಾದ ಅಲ್ಲೇ ಬಿದ್ದುಹೋಗುತ್ತದೆ.

ಹಾಗಾಗಿ ಹೆಚ್ಚಿನ ತೋಟಗಳಲ್ಲಿ ಕೇಪಿನ ಕೋವಿಗಿರುವ ಕೆಲಸ ಸದ್ದು ಮಾಡಿ ಓಡಿಸುವುದಷ್ಟೇ. ಆ ಸದ್ದನ್ನೂ ಲೈಸೆನ್ಸಿನಲ್ಲಿ ನಮೂದಾದ ಜಾಗದಲ್ಲೇ ಮಾಡಬೇಕು. ನೆಂಟರ ತೋಟಕ್ಕೆ ಕೋವಿ ಒಯ್ದರೆ ಷರತ್ತಿನ ಉಲ್ಲಂಘನೆ.

ಪ್ರಶ್ನೆ: ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅವರ ಜೋಡಿ ನಳಿಗೆ ಕೋವಿ ಅಟ್ಟದ ಮೇಲಿದೆ. ಲೈಸೆನ್ಸ್ ಅವಧಿಯೂ ಮುಗಿದಿದೆ. ಅಣ್ಣ ಮುಂಬೈಯಲ್ಲಿ. ಈಗ ಠಾಣೆಗೆ ಹೋದರೆ ನನ್ನ ಮೇಲೇ ಕೇಸು ಹಾಕುತ್ತಾರೇನೋ ಎಂದು ಭಯ.
– ಓದುಗರು, ಮೂಡಿಗೆರೆ

ಉತ್ತರ: ಲೈಸೆನ್ಸ್ ಆ ವ್ಯಕ್ತಿಯದು, ಮನೆಯದಲ್ಲ. ಅಪ್ಪ ತೀರಿಕೊಂಡ ದಿನದಿಂದ ಆ ಕೋವಿ ಯಾರ ಲೈಸೆನ್ಸಿನಲ್ಲೂ ಇಲ್ಲ. ಅನಾವಶ್ಯಕ ತಡವಿಲ್ಲದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಡಬೇಕು ಎಂದು 21ನೇ ಕಲಮು ಹೇಳುತ್ತದೆ. ಎರಡು ವರ್ಷ ತಡ ಎಂಬುದು ನಿಜವೇ. ಆದರೂ ನೀವಾಗಿಯೇ ಹೋಗಿ ಒಪ್ಪಿಸುವುದಕ್ಕೂ ಮನೆ ಶೋಧನೆಯಲ್ಲಿ ಅದು ಸಿಗುವುದಕ್ಕೂ ಬಹಳ ಅಂತರವಿದೆ. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡರೆ 2019ರ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆ. ಮೊದಲು ಒಬ್ಬ ವಕೀಲರನ್ನು ಕಂಡು, ಮರಣ ಪ್ರಮಾಣಪತ್ರ ಮತ್ತು ಹಳೆಯ ಲೈಸೆನ್ಸ್ ಪುಸ್ತಕವನ್ನು ಲಗತ್ತಿಸಿ ತಡಕ್ಕೆ ಕಾರಣ ತಿಳಿಸುವ ಪತ್ರ ಬರೆಸಿ. ಕೋವಿಯನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತಬೇಡಿ. ಠಾಣೆಗೆ ತಿಳಿಸಿ, ಅವರು ಹೇಳಿದ ರೀತಿಯಲ್ಲಿ ತಲುಪಿಸಿ. ಉಳಿದ ತೋಟೆಗಳನ್ನೂ ಎಣಿಸಿ ಜತೆಗೇ ಕೊಡಿ, ಗುಂಡು ಇಟ್ಟುಕೊಳ್ಳುವುದೂ ಅದೇ ಅಪರಾಧ. ರಸೀದಿಯಲ್ಲಿ ಕೋವಿಯ ನಂಬರು, ಬೋರು, ತಯಾರಕರ ಹೆಸರು, ತೋಟೆಗಳ ಸಂಖ್ಯೆ ಸರಿಯಿವೆಯೇ ಎಂದು ಅಲ್ಲೇ ನಿಂತು ನೋಡಿ. ವರ್ಷಗಳ ನಂತರ ಬಿಡಿಸಿಕೊಳ್ಳಲು ಹೋದಾಗ ನಂಬರಿನ ಒಂದು ಅಂಕಿ ತಪ್ಪಿದ್ದರೂ ತಿಂಗಳುಗಟ್ಟಲೆ ಅಲೆದಾಟ.

ಆಮೇಲೆ ವಾರಸುದಾರರ ಲೈಸೆನ್ಸಿಗೆ ಅರ್ಜಿ. ವಂಶವೃಕ್ಷ ಬೇಕು, ಅಣ್ಣನ ಮತ್ತು ಉಳಿದ ವಾರಸುದಾರರ ಆಕ್ಷೇಪವಿಲ್ಲವೆಂಬ ಪ್ರಮಾಣಪತ್ರ ಬೇಕು. ನಿಮ್ಮ ಬಳಿ ಈಗಾಗಲೇ ಎರಡು ಕೋವಿ ಇದ್ದರೆ ಇದು ಸಿಗುವುದಿಲ್ಲ. ಒಬ್ಬರಿಗೆ ಮೂರರ ಮಿತಿಯಿದ್ದದ್ದನ್ನು 2019ರಲ್ಲಿ ಎರಡಕ್ಕೆ ಇಳಿಸಿದರು, ಪಿತ್ರಾರ್ಜಿತ ಕೋವಿಗೂ ಆ ಮಿತಿ ಅನ್ವಯ. ಬೇಡವಾದರೆ ಲೈಸೆನ್ಸ್ ಇರುವವರಿಗೆ ಮಾರುವ ಹಕ್ಕು ನಿಮಗಿದೆ. ಸುಮ್ಮನೆ ಬಿಟ್ಟರೆ ಅವಧಿ ಕಳೆದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ.

ಈ ಫಜೀತಿ ಮುಂದೆ ಯಾರಿಗೂ ಬೇಡವೆಂದರೆ ಒಂದು ದಾರಿಯಿದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ ಅಥವಾ ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮನೆಯ ಹಿರಿಯರೊಡನೆ ಈ ಮಾತು ತೆಗೆಯಲು ಸಂಕೋಚಪಡಬೇಡಿ.

ಪ್ರಶ್ನೆ: ನಾನು ಕೊಡವ, ಉದ್ಯೋಗದ ಮೇಲೆ ಬೆಂಗಳೂರಿನಲ್ಲಿದ್ದೇನೆ. ಐನ್‌ಮನೆಯ (ಕುಟುಂಬದ ಮೂಲಮನೆಯ) ಕೋವಿಯನ್ನು ಇಲ್ಲಿಗೆ ತಂದಿಟ್ಟುಕೊಳ್ಳಬಹುದೇ? ಸಹೋದ್ಯೋಗಿಗಳು ‘ನಿಮಗೆ ಮಾತ್ರ ಯಾಕೆ ವಿನಾಯಿತಿ’ ಎಂದು ಕೇಳುತ್ತಾರೆ. ಏನು ಉತ್ತರ ಕೊಡಲಿ?
– ಓದುಗರು, ಬೆಂಗಳೂರು

ಉತ್ತರ: ಎರಡನೆಯದನ್ನು ಮೊದಲು ಮುಗಿಸೋಣ. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯನ್ನು ಕೊಡವರಿಗೆ ಕೊಟ್ಟದ್ದು 1861ರಲ್ಲಿ, ಆಗಿನ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್. ಬೆಂಗಳೂರಿನ ಪಾರ್ಕಿಗೆ ಹೆಸರು ಬಂದದ್ದು ಅವರಿಂದಲೇ. ಸ್ವಾತಂತ್ರ್ಯಾನಂತರ 1963ರ ಅಧಿಸೂಚನೆ ಅದನ್ನು ಮುಂದುವರಿಸಿತು. ಈಗಿನದು 2019ರ ಅಕ್ಟೋಬರಿನದು, 2029ರ ಅಕ್ಟೋಬರ್ 31ರ ತನಕ ಜಾರಿಯಲ್ಲಿರುತ್ತದೆ. ಇದು ಜಾತಿ ಆಧಾರಿತ ತಾರತಮ್ಯ ಎಂದು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಕೊಡವರ ಜತೆಗೆ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಜಮೀನು ಹೊಂದಿದವರು) ವಿನಾಯಿತಿಯಿದೆ, ಅವರಲ್ಲಿ ಬೇರೆ ಸಮುದಾಯದವರೂ ಇದ್ದಾರೆ ಎಂಬುದನ್ನು ಪ್ರಶ್ನೆ ಕೇಳುವವರು ಹೆಚ್ಚಾಗಿ ಮರೆಯುತ್ತಾರೆ. ನಮ್ಮ ಅಭಿಪ್ರಾಯ ಕೇಳಿದರೆ, ಜನ್ಮದಿಂದ ಬರುವ ವಿನಾಯಿತಿ ತತ್ವದ ಮಟ್ಟದಲ್ಲಿ ಇರಿಸುಮುರಿಸಿನದೇ. ಆದರೆ ಕೋವಿಯನ್ನು ಮನೆಯ ನಡುಕೋಣೆಯಾದ ನೆಲ್ಲಕ್ಕಿ ಬಾಡೆಯಲ್ಲಿಟ್ಟು ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜಿಸುವ, ಯಾರ ಕೋವಿ ಯಾವುದೆಂದು ಊರಿಗೇ ಗೊತ್ತಿರುವ ಸಮಾಜದಲ್ಲಿ ಕೋವಿಯ ಲೆಕ್ಕ ಇಡುವವರು ಅಧಿಕಾರಿಗಳಷ್ಟೇ ಅಲ್ಲ. ಮನೆಮನೆಯಲ್ಲಿ ಕೋವಿ ಇದ್ದಲ್ಲೆಲ್ಲ ರಕ್ತಪಾತ ಎಂಬ ವಾದಕ್ಕೆ ಕೊಡಗು ಒಂದು ತೊಡಕಿನ ಉದಾಹರಣೆ. ಕೋವಿ ಇದ್ದರೆ ಏನೂ ಆಗದು ಎಂಬುದಕ್ಕೆ ಅದನ್ನೇ ಪುರಾವೆ ಮಾಡಿಕೊಳ್ಳುವವರೂ ಇದ್ದಾರೆ. ಆಸ್ತಿ ಜಗಳದಲ್ಲಿ, ಕುಡಿದ ಅಮಲಿನಲ್ಲಿ ಕೋವಿ ಕೈಗೆ ಬಂದ ಪ್ರಕರಣಗಳು ಅಲ್ಲೂ ಇವೆ.

ಈಗ ಮೊದಲ ಪ್ರಶ್ನೆ. ವಿನಾಯಿತಿ ಎಂದರೆ ಕಾಗದವೇ ಬೇಡವೆಂದಲ್ಲ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ಪಡೆದು ಕೋವಿಯನ್ನು ಅದರಲ್ಲಿ ನಮೂದಿಸಿಕೊಂಡಿರಬೇಕು. ಕೊಡಗಿನ ಹೊರಗೆ ವಾಸವಿರುವಾಗ ಅಥವಾ ಪ್ರಯಾಣ ಮಾಡುವಾಗ ಜತೆಗಿರಬಹುದಾದದ್ದು ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ನಯ ನಳಿಗೆಯ (ಒಳಗೆ ಗೀರುಗಳಿಲ್ಲದ) ಕೋವಿ ಮತ್ತು ಅದಕ್ಕೆ 500 ತೋಟೆ. ಇದು 1963ರ ಅಧಿಸೂಚನೆ ಹಾಕಿದ ಮಿತಿ. ಪತ್ರ ಮಾವನ ಹೆಸರಿನಲ್ಲಿದ್ದು ಕೋವಿ ನಿಮ್ಮ ಫ್ಲ್ಯಾಟಿನಲ್ಲಿದ್ದರೆ ತೊಡಕು ಖಂಡಿತ. ತರುವ ಮುನ್ನ ಪತ್ರ ನಿಮ್ಮ ಹೆಸರಿಗೆ ಆಗಲಿ, ತಂದ ಮೇಲೆ ಇಲ್ಲಿನ ಠಾಣೆಗೆ ಪ್ರತಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಬಾಡಿಗೆ ಮನೆಯಲ್ಲಿ, ಹಗಲಿಡೀ ಯಾರೂ ಇಲ್ಲದ ಕಡೆ ಕೋವಿ ಇಡುವುದು ನಮಗಂತೂ ಸರಿಕಾಣದು. ಅದು ಐನ್‌ಮನೆಯಲ್ಲೇ ಇರಲಿ.

ಪ್ರಶ್ನೆ: ಕಾಫಿ ತೋಟದ ಮನೆ. ಗೋಡೆಯ ಮೊಳೆಗೆ ಕೋವಿ ನೇತುಹಾಕುವುದು ಮಾವನವರ ಕಾಲದ ರೂಢಿ. ಈಗ ಏಳು ಮತ್ತು ಹತ್ತು ವರ್ಷದ ಮಕ್ಕಳಿದ್ದಾರೆ. ‘ಖಾಲಿ ಕೋವಿ, ಏನಾಗ್ತದೆ’ ಅನ್ನುತ್ತಾರೆ. ಸರಿಯಾಗಿ ಇಡುವುದು ಹೇಗೆ?
– ಓದುಗರು, ಕೊಪ್ಪ

ಉತ್ತರ: ‘ಖಾಲಿ’ ಎಂದುಕೊಂಡ ಕೋವಿಯಿಂದಲೇ ಮನೆಯೊಳಗಿನ ಅನಾಹುತಗಳು ಆಗುವುದು. ಅದರಲ್ಲೂ ಕೇಪಿನ ಕೋವಿಯನ್ನು ಹೊರಗಿನಿಂದ ನೋಡಿ ತುಂಬಿದೆಯೋ ಇಲ್ಲವೋ ಹೇಳಲಾಗದು. ಕೇಪು (ಮದ್ದಿಗೆ ಕಿಡಿ ಕೊಡುವ ಸಣ್ಣ ಟೊಪ್ಪಿ) ತೆಗೆದ ಮಾತ್ರಕ್ಕೆ ಅದು ಖಾಲಿಯಲ್ಲ, ಒಳಗೆ ಮದ್ದು, ಚರೆ ಹಾಗೆಯೇ ಇರುತ್ತವೆ. ರಾತ್ರಿ ಹಂದಿ ಕಾಯಲು ತುಂಬಿಸಿ, ಹೊಡೆಯದೆ ಬೆಳಿಗ್ಗೆ ತಂದು ನೇತುಹಾಕುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು. ಹಳಬರಲ್ಲಿ ಒಂದು ಉಪಾಯವಿತ್ತು. ಖಚಿತವಾಗಿ ಖಾಲಿಯಿರುವಾಗ ಮದ್ದು ಜಡಿಯುವ ಸಲಾಕೆಯನ್ನು ನಳಿಗೆಯೊಳಗೆ ತಳಮುಟ್ಟ ಇಳಿಸಿ, ಬಾಯಿಯ ಮಟ್ಟಕ್ಕೆ ಒಂದು ಗೀರು ಹಾಕಿಡುವುದು. ಆಮೇಲೆ ಯಾವಾಗ ಇಳಿಸಿದರೂ ಗೀರು ಬಾಯಿಂದ ಮೇಲೆಯೇ ನಿಂತರೆ ಒಳಗೆ ಏನೋ ಇದೆ. ಆಗ ಮುಖವನ್ನಾಗಲಿ ಅಂಗೈಯನ್ನಾಗಲಿ ನಳಿಗೆಯ ಬಾಯಿಯ ನೇರಕ್ಕೆ ತರಬೇಡಿ. ತೆಗೆಯುವ ಕೆಲಸ ಬಲ್ಲವರದು.

ತೋಟೆ ಕೋವಿ ಇದಕ್ಕಿಂತ ಸುಲಭ. ಮಡಚಿ, ಎರಡೂ ನಳಿಗೆಯಲ್ಲಿ ಆಚೆಯ ಬೆಳಕು ಕಾಣುತ್ತದೆಯೇ ನೋಡಿ. ಇದನ್ನು ಕೋವಿ ಕೈಗೆ ಬಂದಾಗಲೆಲ್ಲ ಮಾಡಬೇಕು, ಒಂದು ನಿಮಿಷದ ಹಿಂದೆ ಬೇರೊಬ್ಬರು ನೋಡಿ ಕೊಟ್ಟಿದ್ದರೂ ಸರಿ. ಬೆಳಕು ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮಳೆಗಾಲ ಕಳೆದು ತೆಗೆದಾಗ ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುವುದುಂಟು. ಗುಂಡಿಗೆ ದಾರಿ ಸಿಗದೆ ನಳಿಗೆ ಸೀಳುತ್ತದೆ, ಎಡಗೈ ಬೆರಳುಗಳು ಹೋಗುತ್ತವೆ. 12 ಬೋರಿನ ಕೋವಿಗೆ 20 ಬೋರಿನ ತೋಟೆ ಹಾಕಿದರೂ ಅದೇ ಗತಿ. ಅದು ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಖಾಲಿಯೆಂದು ಹಿಂದಿನಿಂದ ಇನ್ನೊಂದು ತೋಟೆ ಹಾಕುತ್ತಾರೆ. ಎರಡು ಬೋರಿನ ತೋಟೆಗಳನ್ನು ಒಂದೇ ಡಬ್ಬದಲ್ಲಿ ಇಡಲೇಬೇಡಿ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ತಕ್ಷಣ ಮಡಚಬಾರದು. ಬಾಯಿಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ, ತಡವಾಗಿ ಹೊತ್ತಿಕೊಳ್ಳುವುದುಂಟು.

ಇಡುವ ಜಾಗ: ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಕಬ್ಬಿಣದ ಕಪಾಟು. ತೋಟೆ, ಮದ್ದು, ಕೇಪುಗಳಿಗೆ ಬೇರೆ ಕೋಣೆಯಲ್ಲಿ ಬೇರೆ ಬೀಗ. ಎರಡೂ ಬೀಗದ ಕೈ ಒಂದೇ ಗೊಂಚಲಿನಲ್ಲಿದ್ದರೆ ಎರಡು ಬೀಗ ಹಾಕಿಯೂ ಪ್ರಯೋಜನವಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಬೀಗದ ಕೈ ಇಡುವುದನ್ನು ಹತ್ತು ವರ್ಷದ ಮಗು ಎಂದೋ ನೋಡಿಟ್ಟುಕೊಂಡಿರುತ್ತದೆ. ಚರ್ಮದ ಚೀಲದಲ್ಲಿ ಹಾಕಿ ತಿಂಗಳುಗಟ್ಟಲೆ ಇಡಬೇಡಿ, ಮಲೆನಾಡಿನ ತೇವಕ್ಕೆ ಚರ್ಮದೊಳಗೆ ತುಕ್ಕು ಹಿಡಿಯುತ್ತದೆ. ಒರೆಸಿ, ತೆಳ್ಳಗೆ ಎಣ್ಣೆ ಸವರಿ ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಮರದ ಹಿಡಿಗೆ ಇಳಿಯುವುದಿಲ್ಲ.

ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಸಾಲದ ಚಿಂತೆಯಲ್ಲಿ ಮಾತು ಬಿಟ್ಟಿದ್ದರೆ, ಕುಡಿತ ಹೆಚ್ಚಾಗಿದ್ದರೆ ಬೀಗವನ್ನು ನಂಬಬೇಡಿ. ಬೀಗದ ಕೈ ಎಲ್ಲಿದೆಯೆಂದು ಮನೆಯವರಿಗೆ ಗೊತ್ತೇ ಇರುತ್ತದೆ. ಕೋವಿಯನ್ನು ಬಂದೂಕು ವ್ಯಾಪಾರಿಯಲ್ಲೋ ಠಾಣೆಯಲ್ಲೋ ಸುರಕ್ಷಿತ ಠೇವಣಿಗೆ ಹಾಕಿ, ಲೈಸೆನ್ಸ್ ಅದರಿಂದ ರದ್ದಾಗುವುದಿಲ್ಲ. ಮಾತಾಡಲು ಟೆಲಿ-ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಸಿಗುತ್ತದೆ.

ಪ್ರಶ್ನೆ: ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದರೆ ತಪ್ಪೇ? ಲೈಸೆನ್ಸ್ ಇದೆ.
– ಓದುಗರು, ಕಲಬುರಗಿ ಜಿಲ್ಲೆ

ಉತ್ತರ: ತಪ್ಪು. ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಮಿನ 9ನೇ ಉಪಕಲಮು ಇದಕ್ಕೆಂದೇ 2019ರಲ್ಲಿ ಬಂತು. ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಇರುವುದು ರಕ್ಷಣೆಯಲ್ಲ. ಮೇಲೆ ಹೋದ ಗುಂಡು ಎಲ್ಲೋ ಕೆಳಗಿಳಿಯಲೇಬೇಕು, ಪೆಂಡಾಲಿನ ಬಟ್ಟೆ ಅದನ್ನು ತಡೆಯದು. ಕೊಡಗಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಇದಕ್ಕೆ ಹೋಲಿಸಿ ವಾದ ಮಾಡಬೇಡಿ. ಅಲ್ಲಿ ಗುರಿಯಿದೆ, ಗುಂಡು ಹೋಗುವ ದಿಕ್ಕು ಮೊದಲೇ ತೀರ್ಮಾನವಾಗಿರುತ್ತದೆ, ಜನ ಹಿಂದೆ ನಿಂತಿರುತ್ತಾರೆ.

ಪ್ರಶ್ನೆ: ಪ್ರತಿ ಚುನಾವಣೆಗೂ ಕೋವಿ ಠಾಣೆಗೆ ಒಪ್ಪಿಸಿ ಅನ್ನುತ್ತಾರೆ. ಅದೇ ಹೊತ್ತಿಗೆ ಹಂದಿ ಗದ್ದೆಗಿಳಿದಿರುತ್ತದೆ. ಒಪ್ಪಿಸಲೇಬೇಕೇ?
– ಓದುಗರು, ಪುತ್ತೂರು

ಉತ್ತರ: ಎಲ್ಲರೂ ಒಪ್ಪಿಸಲೇಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರ ಹಿನ್ನೆಲೆ ನೋಡಿ, ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ತೊಡಗಿದವರು, ಇಂಥವರ ಕೋವಿ ಪಡೆಯಬೇಕು ಎಂಬುದು ಅದರ ಸೂಚನೆ. ಸಾರಾಸಗಟು ಆದೇಶದ ಮೂಲಕ ಒತ್ತಾಯಿಸುವಂತಿಲ್ಲ ಎಂದು ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ 2024ರ ಮಾರ್ಚಿನಲ್ಲಿ ಹೇಳಿದೆ. ಆದರೂ ಠಾಣೆಯಿಂದ ಫೋನು ಬರುತ್ತದೆ. ಜಿಲ್ಲಾಧಿಕಾರಿಗೆ ವಿನಾಯಿತಿ ಅರ್ಜಿಯನ್ನು ಪಹಣಿ ಸಮೇತ ಕೂಡಲೇ ಕೊಡಿ, ಗಡುವಿನ ದಿನದ ತನಕ ಕಾಯಬೇಡಿ. ಒಪ್ಪಿಸಿದ್ದಾದರೆ ಫಲಿತಾಂಶ ಬಂದು ಒಂದು ವಾರದ ನಂತರ ರಸೀದಿ ಹಿಡಿದು ಹೋಗಿ. ಠಾಣೆಯ ಗೋಡೆಗೆ ಒರಗಿಸಿಟ್ಟ ಕೋವಿಗಳ ಸಾಲಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ತುಕ್ಕು ಹಿಡಿದೇ ಮನೆಗೆ ಬರುವುದು.

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ, ಎಚ್-1ಬಿ ವೀಸಾ. ಇಲ್ಲಿ ಕೋವಿಗೆ ಲೈಸೆನ್ಸೇ ಬೇಡ ಎನ್ನುತ್ತಾರೆ. ಸ್ನೇಹಿತರ ಜತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲಿನಲ್ಲಿ ಹೊಡೆದು ಬಂದರೆ ತೊಂದರೆ ಇಲ್ಲ ತಾನೇ?
– ಓದುಗರು, ಫ್ರಿಸ್ಕೊ

ಉತ್ತರ: ತೊಂದರೆ ಇದೆ, ಅದೂ ಸಣ್ಣದಲ್ಲ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಪರ್ಮಿಟ್ ಇಲ್ಲದೆ ಪಿಸ್ತೂಲು ಒಯ್ಯಬಹುದು ಎಂಬುದು ರಾಜ್ಯದ ಕಾನೂನು, ಅದು ಕೂಡ ಕೋವಿ ಹೊಂದಲು ಅರ್ಹರಾದವರಿಗೆ ಮಾತ್ರ. ನಿಮ್ಮನ್ನು ತಡೆಯುವುದು ಫೆಡರಲ್ ಕಾನೂನು. ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಬಂದವರು ಕೋವಿಯನ್ನಾಗಲಿ ಗುಂಡನ್ನಾಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ರೇಂಜಿನಲ್ಲಿ ಹತ್ತು ನಿಮಿಷ ಕೈಯಲ್ಲಿ ಹಿಡಿದದ್ದೂ ‘ಇಟ್ಟುಕೊಂಡ’ ಲೆಕ್ಕವೇ. ರೇಂಜಿನವರು ಕೇಳದೆ ಕೊಟ್ಟರು ಎಂಬುದು ಸಮಜಾಯಿಷಿಯಾಗದು. ಈ ಅಪರಾಧದ ಗರಿಷ್ಠ ಶಿಕ್ಷೆಯನ್ನು 2022ರಲ್ಲಿ 10ರಿಂದ 15 ವರ್ಷಕ್ಕೆ ಏರಿಸಿದ್ದಾರೆ. ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಗಡೀಪಾರಿಗೂ ಅದೇ ಕಾರಣವಾಗುತ್ತದೆ.

ಮುಖ್ಯ ವಿನಾಯಿತಿ ಒಂದಿದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿರಬೇಕು. ವರ್ಷಾವಧಿ ಮುಗಿದ ಮರುದಿನದಿಂದ ರಕ್ಷಣೆಯೂ ಮುಗಿಯುತ್ತದೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆಯಿಲ್ಲ. ಅಂಗಡಿಯಲ್ಲಿ ಫಾರ್ಮ್ 4473 ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ಆ ಫಾರ್ಮಿನಲ್ಲಿ ವೀಸಾ ಸ್ಥಿತಿಯ ಪ್ರಶ್ನೆಗೆ ಸುಳ್ಳು ಬರೆದರೆ ಅದೇ ಬೇರೆ ಅಪರಾಧ. ಒಂದೇ ಮನೆಯಲ್ಲಿ ಹೆಂಡತಿಗೆ ಗ್ರೀನ್ ಕಾರ್ಡ್, ಗಂಡನಿಗೆ ಎಚ್-1ಬಿ ಇದ್ದರೆ, ಗಂಡನಿಗೆ ತೆರೆಯಲು ಬಾರದ ಕಪಾಟಿನಲ್ಲಿ ಕೋವಿ ಇರಲಿ. ಕೈಗೆಟುಕುವಂತಿದ್ದರೆ ಅವರ ವಶದಲ್ಲೇ ಇದೆಯೆಂದು ವಾದಿಸಬಹುದು.

ಪ್ರಶ್ನೆ: ಇಷ್ಟು ಮಕ್ಕಳು ಸಾಯುತ್ತಿದ್ದರೂ ಅಮೆರಿಕ ಬಂದೂಕು ನಿಷೇಧಿಸುವುದಿಲ್ಲ ಏಕೆ? ನಮ್ಮಂಥ ಕಾನೂನು ತಂದರೆ ಸಾಲದೇ?
– ಓದುಗರು, ಮೈಸೂರು

ಉತ್ತರ: ನಮ್ಮಂಥ ಕಾನೂನನ್ನು ತರಲು ಅಲ್ಲಿನ ಸಂವಿಧಾನವೇ ಬಿಡದು. ಕೋವಿ ಹೊಂದುವುದು ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ತೀರ್ಪಿನಲ್ಲಿ ಹೇಳಿತು. ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಶತಮಾನದಿಂದ ನಮ್ಮದನ್ನೇ ಹೋಲುವ ಪದ್ಧತಿಯಿತ್ತು. ಪಿಸ್ತೂಲು ಹೊರಗೆ ಒಯ್ಯಬೇಕಾದರೆ ‘ಸಕಾರಣ’ ತೋರಿಸಬೇಕಿತ್ತು. 2022ರ ಜೂನಿನಲ್ಲಿ ಬ್ರೂಯೆನ್ ತೀರ್ಪು ಅದನ್ನು ಹೊಡೆದುಹಾಕಿತು. ಎರಡು ದೇಶಗಳ ನಡುವಿನ ನಿಜವಾದ ಅಂತರ ಇಲ್ಲಿದೆ. ನಮ್ಮಲ್ಲಿ ‘ಕೋವಿ ನಿನಗೇಕೆ’ ಎಂದು ಸರ್ಕಾರ ಕೇಳುತ್ತದೆ. ಅಲ್ಲಿ ‘ನನಗೇಕೆ ಕೊಡುವುದಿಲ್ಲ’ ಎಂದು ಪ್ರಜೆ ಕೇಳುತ್ತಾನೆ. ಹಾಗೆಂದು ಅಲ್ಲಿ ಯಾವ ನಿರ್ಬಂಧವೂ ನಿಲ್ಲುವುದಿಲ್ಲ ಎಂದಲ್ಲ. ಕೌಟುಂಬಿಕ ಹಿಂಸೆಯ ತಡೆಯಾಜ್ಞೆ ಇರುವವರಿಂದ ಕೋವಿ ಕಿತ್ತುಕೊಳ್ಳಬಹುದೆಂದು 2024ರ ರಹೀಮಿ ಪ್ರಕರಣದಲ್ಲಿ 8-1ರ ಬಹುಮತದಿಂದ ತೀರ್ಪಾಯಿತು. ಟೆಕ್ಸಾಸಿನ ಯುವಾಲ್ಡಿ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಸುಮಾರು ಒಂದು ತಿಂಗಳಿಗೆ, 2022ರ ಜೂನಿನಲ್ಲಿ ಬಂದ ಕಾನೂನು 21 ತುಂಬದ ಖರೀದಿದಾರರ ತಪಾಸಣೆಯನ್ನು ಬಿಗಿಗೊಳಿಸಿತು. ಉಳಿದಿರುವ ದೊಡ್ಡ ಕಂಡಿಯೆಂದರೆ ಖಾಸಗಿ ಮಾರಾಟ. ಅಂಗಡಿಯವರು ತಪಾಸಣೆ ಮಾಡಲೇಬೇಕು, ಪಕ್ಕದ ಮನೆಯವರು ಮಾರಿದರೆ ಫೆಡರಲ್ ಕಾನೂನು ಅದನ್ನು ಕೇಳುವುದಿಲ್ಲ. ಕೆಲವು ರಾಜ್ಯಗಳು ತಾವಾಗಿಯೇ ಕೇಳುತ್ತವೆ.

ಟಿವಿಯಲ್ಲಿ ಕಾಣುವುದು ಸಾಮೂಹಿಕ ದಾಳಿ. ಅಂಕಿಅಂಶ ಬೇರೆಯದೇ ಹೇಳುತ್ತದೆ. 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,830. ಅದರಲ್ಲಿ 26,328 ಆತ್ಮಹತ್ಯೆ, 20,958 ಕೊಲೆ. ಆತ್ಮಹತ್ಯೆಯೇ ಅರ್ಧಕ್ಕಿಂತ ಹೆಚ್ಚು. ಕೊಲೆಗಳಲ್ಲಿ ಹೆಚ್ಚಿನವು ಪಿಸ್ತೂಲಿನಿಂದ, ವಾದವೆಲ್ಲ ನಡೆಯುವುದು ಎಆರ್-15ರಂಥ ರೈಫಲಿನ ಸುತ್ತ. ರೈಫಲ್ ನಿಷೇಧದಿಂದ ಶಾಲಾ ದಾಳಿಗಳ ಸಾವು ಕಡಿಮೆಯಾಗಬಹುದು. ಒಟ್ಟು ಸಾವಿನ ಲೆಕ್ಕ ತಗ್ಗಬೇಕಾದರೆ ಮನೆಯೊಳಗಿನ ಪಿಸ್ತೂಲಿಗೆ ಬೀಗ ಬೀಳಬೇಕು. ಆ ಚರ್ಚೆಯಲ್ಲಿ ಎರಡೂ ಪಕ್ಷದವರಿಗೆ ಉತ್ಸಾಹ ಕಡಿಮೆ.

ನಮ್ಮ ಸಂವಿಧಾನವೂ ಈ ಪ್ರಶ್ನೆಯನ್ನು ದಾಟಿಯೇ ಬಂದದ್ದು. ಬ್ರಿಟಿಷರ 1878ರ ಕಾಯ್ದೆಯ ಸಿಟ್ಟಿನಲ್ಲಿ ಕಾಂಗ್ರೆಸ್ಸಿನ 1931ರ ಕರಾಚಿ ನಿರ್ಣಯ ಶಸ್ತ್ರ ಹೊಂದುವ ಹಕ್ಕನ್ನು ಪಟ್ಟಿಗೆ ಸೇರಿಸಿತ್ತು. ಅದನ್ನು ಮೂಲಭೂತ ಹಕ್ಕಾಗಿಸಬೇಕೆಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. 2023ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠವೂ ಅಮೆರಿಕದಂತೆ ಇಲ್ಲಿ ಶಸ್ತ್ರದ ಹಕ್ಕಿಲ್ಲ ಎಂದು ನೆನಪಿಸಿತು. ಆ ಪೀಠದ ಮುಂದಿದ್ದ ವಿಷಯ ಉತ್ತರ ಪ್ರದೇಶದ ಲೈಸೆನ್ಸಿಲ್ಲದ ಬಂದೂಕುಗಳು.

ನಮ್ಮ ಹುಳುಕು ಅಲ್ಲಿದೆ. ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದ ನೂರು ಜನಕ್ಕೆ 120 ಕೋವಿ, ಭಾರತದಲ್ಲಿ ನೂರಕ್ಕೆ 5. ಆದರೆ ನಮ್ಮ 7.1 ಕೋಟಿ ಕೋವಿಗಳಲ್ಲಿ ನೋಂದಣಿಯಾದವು 97 ಲಕ್ಷ ಮಾತ್ರ. 2019ರ ತಿದ್ದುಪಡಿ ಒಬ್ಬರಿಗೆ ಮೂರು ಕೋವಿಯ ಮಿತಿಯನ್ನು ಎರಡು ಮಾಡಿ ಸಾಲಿನಲ್ಲಿ ನಿಲ್ಲಿಸಿದ್ದು ಈ 97 ಲಕ್ಷ ಕೋವಿಗಳ ಮಾಲೀಕರನ್ನೇ.

ಪ್ರಶ್ನೆ: ಕಲಬುರ್ಗಿ, ಗೌರಿ ಲಂಕೇಶ್ ಹತ್ಯೆಗಳನ್ನು ಕಠಿಣ ಲೈಸೆನ್ಸ್ ಕಾನೂನು ತಡೆಯಬಹುದಿತ್ತೇ?
– ಓದುಗರು, ಧಾರವಾಡ

ಉತ್ತರ: ಲೈಸೆನ್ಸ್ ಕಾನೂನು ತಡೆಯುತ್ತಿರಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಬಳಸಿದ್ದು 7.65 ಮಿ.ಮೀ. ನಾಡ ಪಿಸ್ತೂಲು, ಅದೂ ಒಂದೇ ಪಿಸ್ತೂಲು ಎಂಬುದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ. ಗುಂಡಿನ ಮೇಲೆ ನಳಿಗೆ ಬಿಡುವ ಗೀರು, ತೋಟೆಯ ಹಿಂಭಾಗದಲ್ಲಿ ಸೂಜಿ ಬಿಡುವ ಗುರುತು ಹೋಲಿಸಿ ಹೇಳುವುದು ಈ ವಿದ್ಯೆ. ನಾಡ ಪಿಸ್ತೂಲಿಗೆ ನಂಬರಿಲ್ಲ, ಬಿಲ್ಲಿಲ್ಲ, ಮಾಲೀಕರ ದಾಖಲೆಯಿಲ್ಲ. ಭೀಮಾ ತೀರದಲ್ಲಿ ಪೊಲೀಸರು ಆಗಾಗ ವಶಪಡಿಸಿಕೊಳ್ಳುವ ಕಂಟ್ರಿ ಪಿಸ್ತೂಲುಗಳ ಸ್ಥಿತಿಯೂ ಅದೇ. ಕಾಯ್ದೆಯಲ್ಲಿ ಶಿಕ್ಷೆ ಕಡಿಮೆಯೇನಿಲ್ಲ. ಅಕ್ರಮವಾಗಿ ತಯಾರಿಸಿ ಮಾರಿದರೆ 7 ವರ್ಷದಿಂದ ಜೀವಾವಧಿ, ಕಳ್ಳಸಾಗಣೆಗೆ 10 ವರ್ಷದಿಂದ ಜೀವಾವಧಿ. ಆದರೆ ಹಲವು ಪ್ರಕರಣ ಪಿಸ್ತೂಲು ಸಿಕ್ಕಿದವನಲ್ಲಿಗೇ ನಿಲ್ಲುತ್ತವೆ. ಬಿಹಾರದ ಮುಂಗೇರಿನಂಥ ಕಡೆ ಅದನ್ನು ಮಾಡಿದ ಕೈಯ ತನಕ ತನಿಖೆ ಹೋಗುವುದು ಅಪರೂಪ. ನಮ್ಮ ಪ್ರಕಾರ ಹೊಸ ಕಲಮಿಗಿಂತ ಅಂತರರಾಜ್ಯ ತನಿಖೆಗೆ ಹಣ ಮತ್ತು ಜನ ಕೊಡುವುದು ಮೊದಲ ಕೆಲಸ.

ಪ್ರಶ್ನೆ: ಮಂಗ ಓಡಿಸಲು ಏರ್‌ಗನ್ ತರಬೇಕೆಂದಿದ್ದೇನೆ. ಅದಕ್ಕೂ ಲೈಸೆನ್ಸ್ ಬೇಕೇ?
– ಓದುಗರು, ಯಲ್ಲಾಪುರ

ಉತ್ತರ: 0.177 ಇಂಚಿನ (4.5 ಮಿ.ಮೀ.) ಬೋರು, 20 ಜೌಲ್‌ವರೆಗಿನ ಶಕ್ತಿಯದಾದರೆ ಬೇಡ. ಇವೆರಡರಲ್ಲಿ ಯಾವುದು ಮೀರಿದರೂ ಲೈಸೆನ್ಸ್ ಬೇಕು. 0.22 ಬೋರಿನದನ್ನು ‘ಇದಕ್ಕೂ ಏನೂ ಬೇಡ’ ಎಂದು ಯಾರಾದರೂ ಮಾರಿದರೆ ನಂಬಬೇಡಿ. ಬಿಲ್ಲಿನಲ್ಲಿ ಬೋರು ಮತ್ತು ಜೌಲ್ ಎರಡನ್ನೂ ಬರೆಸಿಕೊಂಡು ಬಿಲ್ಲನ್ನು ಜೋಪಾನವಾಗಿಡಿ. ಆಟಿಕೆ ಎಂದು ಮಕ್ಕಳ ಕೈಗೆ ಕೊಡಬೇಡಿ, ಹತ್ತಿರದಿಂದ ಬಡಿದರೆ ಕಣ್ಣು ಹೋಗುತ್ತದೆ, ಜೀವ ಹೋದದ್ದೂ ಇದೆ. ಇನ್ನು ಮಂಗ. ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಅದಕ್ಕೆ ಹೊಡೆಯಬಹುದು ಎಂದಾಗದು. ಗಾಯ ಮಾಡಿದರೂ ವನ್ಯಜೀವಿ ಕಾಯ್ದೆಯಲ್ಲಿ ಅದು ಬೇಟೆಯೇ. ಸದ್ದಷ್ಟೇ ಬೇಕಾಗಿದ್ದರೆ ಏರ್‌ಗನ್ನಿಗಿಂತ ಹಲಗೆ ಬಾರಿಸುವುದು ವಾಸಿ.